ಇವಾನ್ ಎನ್ನಬೇಕೇ, ಐವನ್ ಎನ್ನಬೇಕೇ? ಮಗುವಿಗೆ ಹೆಸರಿಡುವ ಮುನ್ನ ಒಂದಿಷ್ಟು ಯೋಚನೆ

ಕೆಲವು ತಿಂಗಳ ಹಿಂದಿನ ಮಾತು. ದೀಕ್ಷಾಸ್ನಾನಕ್ಕೆ ಮುಂಚಿತವಾಗಿ ಹೆತ್ತವರಿಗೆ ನೀಡುವ ತಯಾರಿ ಬೋಧನೆಗೆ ಒಂದು ಕುಟುಂಬ ನಮ್ಮ ಚರ್ಚ್ ಕಚೇರಿಗೆ ಬಂದಿತ್ತು. ತುಂಬಿಸಿ ತಂದಿದ್ದ ಅರ್ಜಿಯಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರಗಳಿದ್ದವು: ಐ, ವಿ, ಎ, ಎನ್. "ಇದನ್ನು ಹೇಗೆ ಕರೆಯುತ್ತೀರಿ?" ಎಂದು ಕೇಳಿದೆ. ತಾಯಿ "ಇವಾನ್" ಎಂದರು. ಅದೇ ಹೊತ್ತಿಗೆ ತಂದೆ "ಐವನ್" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆರು ವಾರಗಳಿಂದ ಮನೆಯಲ್ಲಿ ಇದೇ ನಡೆದಿತ್ತಂತೆ.

ಜೊತೆಗೆ ಬಂದಿದ್ದ ಮಗುವಿನ ಅಜ್ಜ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದರು: "ನನ್ನ ಅಪ್ಪನ ಹೆಸರು ಜುವಾಂವ್. ಮೊದಲ ಮೊಮ್ಮಗನಿಗೆ ಅದನ್ನು ಇಡಿ ಎಂದಿದ್ದೆ. ಹಳೆಯ ಹೆಸರು, ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡುತ್ತಾರೆ ಎಂದು ಬಿಟ್ಟರು."

ಆ ದಿನ ಆ ಮೂವರೊಂದಿಗೆ ನಡೆದ ಮಾತುಕತೆಯೇ ಈ ಲೇಖನಕ್ಕೆ ಪ್ರೇರಣೆ. ಒಂದೇ ಹೆಸರನ್ನು ಬೇರೆ ಬೇರೆ ಜನ ಬೇರೆ ಬೇರೆ ರೀತಿ ಉಚ್ಚರಿಸುವುದು ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಹೊಸತೇನಲ್ಲ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಉದ್ಯೋಗಕ್ಕೆ ಮುಂಬಯಿ ಅಥವಾ ಗಲ್ಫ್ ಎಂಬಂತಿರುವ ನಮ್ಮ ಜೀವನದಲ್ಲಿ ಹೆಸರೊಂದು ಹಲವು ನಾಲಗೆಗಳನ್ನು ದಾಟಿ ಹೋಗಬೇಕಾಗುತ್ತದೆ. ಹೀಗಿರುವಾಗ ಹೆತ್ತವರು ಯಾವುದನ್ನು ಬಿಗಿಯಾಗಿ ಹಿಡಿಯಬೇಕು, ಯಾವುದನ್ನು ಸಡಿಲ ಬಿಡಬಹುದು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಒಂದೇ ಹೆಸರು, ಹಲವು ನಾಲಗೆ

ಮೊದಲು ಅಜ್ಜನ ನೋವಿನ ವಿಷಯವನ್ನೇ ತೆಗೆದುಕೊಳ್ಳೋಣ. 'ಜುವಾಂವ್' ಎಂಬುದು ಪೋರ್ಚುಗೀಸರ ಮೂಲಕ ನಮ್ಮ ಕೊಂಕಣಿಗೆ ಬಂದ ಹೆಸರು. ಅದರ ಮೂಲ ಹೀಬ್ರೂ ಭಾಷೆಯ 'ಯೋಹಾನಾನ್'. ದೇವರು ಕೃಪೆ ತೋರಿದ್ದಾರೆ ಎಂಬುದು ಇದರ ಅರ್ಥ. ಗ್ರೀಕರು ಇದನ್ನು 'ಯೊಆನ್ನೆಸ್' ಎಂದರು. ಅದರಿಂದ ಲ್ಯಾಟಿನ್ ರೂಪ ಬಂತು, ಲ್ಯಾಟಿನ್‌ನಿಂದ ಯುರೋಪಿನ ಭಾಷೆಗಳಿಗೆ ಹರಡಿತು. ಇಟಲಿಯಲ್ಲಿ 'ಜೊವಾನ್ನಿ', ಸ್ಪೇನಿನಲ್ಲಿ 'ಹುವಾನ್', ಜರ್ಮನಿಯಲ್ಲಿ 'ಯೋಹಾನ್', ಇಂಗ್ಲೆಂಡಿನಲ್ಲಿ 'ಜಾನ್', ಐರ್ಲೆಂಡಿನಲ್ಲಿ 'ಶಾನ್', ಸ್ಕಾಟ್ಲೆಂಡಿನಲ್ಲಿ 'ಇಯನ್', ವೇಲ್ಸ್‌ನಲ್ಲಿ 'ಎವನ್' ಆಯಿತು. ರಷ್ಯಾ ಮುಂತಾದ ಸ್ಲಾವ್ ನಾಡುಗಳಲ್ಲಿ ಇದೇ ಹೆಸರು 'ಇವಾನ್' ಆಯಿತು. ಆ ಇವಾನನನ್ನು ಇಂಗ್ಲಿಷರು ತಮ್ಮ ಓದಿನ ಕ್ರಮದಂತೆ 'ಐವನ್' ಎಂದರು. ನಮ್ಮ ಕನ್ನಡ ಪವಿತ್ರ ಬೈಬಲ್‌ನಲ್ಲಿ ಅದೇ ಹೆಸರು 'ಯೊವಾನ್ನ'.

ಅಂದರೆ ಅಜ್ಜನ ಅಪ್ಪ ಜುವಾಂವ್, ತಾಯಿ ಇಷ್ಟಪಟ್ಟ ಇವಾನ್, ತಂದೆ ಕರೆಯುತ್ತಿದ್ದ ಐವನ್ ಮೂರೂ ಒಂದೇ ಹೆಸರು. ಮುತ್ತಜ್ಜನ ಹೆಸರು ಬೇಡವೆಂದು ಬದಿಗಿಟ್ಟ ಮನೆಯವರು ತಮಗೆ ತಿಳಿಯದೆಯೇ ಆ ಹೆಸರನ್ನೇ ಆರಿಸಿಕೊಂಡಿದ್ದರು. ಹೆಣ್ಣುಮಕ್ಕಳ ಜೋನ್, ಜೇನ್, ಜೀನ್, ಜನೆಟ್, ಜೊವಾನ್ನಾ, ಇವಾನಾ, ಶೀನಾ ಎಂಬ ಹೆಸರುಗಳೂ ಇದೇ ಬೇರಿನಿಂದ ಬಂದವು.

ಇಂಥ ಉದಾಹರಣೆಗಳು ನಮ್ಮ ಸುತ್ತಲೇ ಇವೆ. 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಹೆಸರನ್ನು ಊರಿನವರೆಲ್ಲ 'ಅಲೋಶಿಯಸ್' ಎನ್ನುತ್ತೇವೆ. ಇಂಗ್ಲಿಷ್ ನಾಡಿನಿಂದ ಬಂದವರು ಅದನ್ನು ಬೇರೆ ರೀತಿ ಎಳೆದು ಹೇಳುತ್ತಾರೆ. ಆ ಸಂತರನ್ನು ಅವರ ಇಟಲಿಯ ಮನೆಯಲ್ಲಿ ಕರೆದದ್ದು 'ಲುಯಿಜಿ' ಎಂದು. ನಮ್ಮ ಹಿರಿಯರ 'ಲುವಿಸ್' ಕೂಡ ಅದೇ ಹೆಸರು. ಕಂಕನಾಡಿಯ ಆಸ್ಪತ್ರೆಗೆ ಬೀಜ ಹಾಕಿದ ಜರ್ಮನ್ ಯೇಸುಸಭೆಯ ಗುರು ಆಗಸ್ಟಸ್ ಅವರ ಕುಲನಾಮವನ್ನು ಅವರ ದೇಶದಲ್ಲಿ ತುಟಿ ಮುಂದೆ ಮಾಡಿ 'ಮ್ಯೂಲರ್' ಎಂಬಂತೆ ಉಚ್ಚರಿಸುತ್ತಾರೆ. ನಮಗೆ ಅವರು 'ಫಾದರ್ ಮುಲ್ಲರ್' ಆಗಿಯೇ ಪ್ರಿಯರಾದರು.

ಸಂತ ಫ್ರಾನ್ಸಿಸ್ ಝೇವಿಯರ್ ಅವರನ್ನು ನೋಡಿ. 'ಝೇವಿಯರ್' ಎಂಬುದು ಮೂಲದಲ್ಲಿ ವ್ಯಕ್ತಿಯ ಹೆಸರೇ ಅಲ್ಲ. ಸ್ಪೇನಿನ ನವಾರಾ ಪ್ರಾಂತ್ಯದಲ್ಲಿ 1506ರಲ್ಲಿ ಅವರು ಹುಟ್ಟಿದ ಕೋಟೆಮನೆಯ ಹೆಸರು ಅದು. ಬಾಸ್ಕ್ ಭಾಷೆಯಲ್ಲಿ ಹೊಸ ಮನೆ ಎಂದು ಅದರ ಅರ್ಥ. ಸ್ಪೇನಿನವರು 'ಹಾವಿಯೇರ್' ಎನ್ನುತ್ತಾರೆ, ಪೋರ್ಚುಗೀಸರು 'ಶಾವಿಯೇರ್' ಎಂದರು, ಕೊಂಕಣಿಯಲ್ಲಿ 'ಸಾವೇರ್' ಆಯಿತು, ಕನ್ನಡದಲ್ಲಿ ಝೇವಿಯರ್ ಎಂದೂ ಕ್ಸೇವಿಯರ್ ಎಂದೂ ಬರೆಯುತ್ತೇವೆ. ಯಾರು ಹೇಗೆ ಕರೆದರೂ ಗೋವೆಯಲ್ಲಿರುವ ಅವರ ಪವಿತ್ರ ಶರೀರದ ಮುಂದೆ ಮಂಡಿಯೂರುವವರ ಭಕ್ತಿ ಒಂದೇ.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಪ್ರಭುವಿನ ನಾಮವನ್ನೇ ನೆನೆಯೋಣ. ತಾಯಿ ಮರಿಯಾ ನಜರೇತಿನ ಮನೆಯಲ್ಲಿ ಮಗನನ್ನು ಕರೆದದ್ದು 'ಯೇಶುವಾ' ಎಂಬ ರೂಪದಲ್ಲಿ. ಕನ್ನಡದಲ್ಲಿ ಯೇಸು, ಕೊಂಕಣಿಯಲ್ಲಿ ಜೆಜು, ಇಂಗ್ಲಿಷಿನಲ್ಲಿ ಜೀಸಸ್, ಪಕ್ಕದ ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಈಶೋ. ಒಂದೇ ಕುಟುಂಬದಲ್ಲಿ ಅಜ್ಜಿ 'ಜೆಜು' ಎಂದೂ ಮೊಮ್ಮಗಳು 'ಜೀಸಸ್' ಎಂದೂ ಪ್ರಾರ್ಥಿಸುವುದನ್ನು ನಾವು ದಿನವೂ ಕೇಳುತ್ತೇವೆ. ಆದ್ದರಿಂದ ಉಚ್ಚಾರಣೆಯಲ್ಲಿ ವ್ಯತ್ಯಾಸ ಇರುವುದೇ ತಪ್ಪು ಎಂದು ಯಾರೂ ತಿಳಿಯಬೇಕಾಗಿಲ್ಲ.

ಜಕರೀಯನ ಹಲಗೆ

ಹೆಸರಿನ ವಿಷಯದಲ್ಲಿ ನೆಂಟರಿಷ್ಟರು ಬಾಯಿ ಹಾಕುವುದು ಪವಿತ್ರ ಗ್ರಂಥದಷ್ಟೇ ಹಳೆಯದು. ಸಂತ ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಈ ಪ್ರಸಂಗ ಬರುತ್ತದೆ. ಎಲಿಜಬೇತಳ ಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಲು ಬಂದ ನೆರೆಹೊರೆಯವರೂ ಬಂಧುಗಳೂ ತಂದೆಯ ಹೆಸರಾದ ಜಕರೀಯ ಎಂಬುದನ್ನೇ ಇಡಲು ಹೊರಟಿದ್ದರು. ತಾಯಿ ಒಪ್ಪಲಿಲ್ಲ. ಮಗುವಿಗೆ ಯೊವಾನ್ನ ಎಂದು ಹೆಸರಾಗಬೇಕು ಎಂದಳು. ನಿಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರು ಆಕ್ಷೇಪಿಸಿದರು. ಕೊನೆಗೆ ಮಾತು ಕಳೆದುಕೊಂಡಿದ್ದ ತಂದೆಯನ್ನು ಸನ್ನೆಯಿಂದ ಕೇಳಿದಾಗ ಅವನು ಬರೆಯುವ ಹಲಗೆಯೊಂದನ್ನು ತರಿಸಿಕೊಂಡು ಅದರ ಮೇಲೆ ಹೆಸರನ್ನು ಬರೆದು ತೋರಿಸಿದನು. ಅಲ್ಲಿಗೆ ಚರ್ಚೆ ಮುಗಿಯಿತು.

ಈ ಪ್ರಸಂಗದಲ್ಲಿ ನಮಗೆ ಬೇಕಾದ ಎರಡು ಪಾಠಗಳಿವೆ. ಮೊದಲನೆಯದು, ತಾಯಿ ತಂದೆ ಇಬ್ಬರೂ ಒಂದೇ ಮಾತು ಹೇಳಿದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ದೃಢಪಡಿಸಿದರು. ಎರಡನೆಯದು, ಹೆಸರು ಬರಹಕ್ಕೆ ಬಂದ ಮೇಲೆ ಗೊಂದಲಕ್ಕೆ ಅವಕಾಶ ಉಳಿಯಲಿಲ್ಲ. ದೀಕ್ಷಾಸ್ನಾನಕ್ಕೆ ಬರುವ ಇಂದಿನ ಹೆತ್ತವರಿಗೂ ಇದೇ ಕ್ರಮ ಒಳ್ಳೆಯದು. ಮನೆಯಲ್ಲೇ ಕುಳಿತು ಇಬ್ಬರೂ ಒಂದು ಉಚ್ಚಾರಣೆಗೆ ಒಪ್ಪಬೇಕು, ಒಪ್ಪಿದ್ದನ್ನು ಬರೆಯಬೇಕು, ಬರೆದದ್ದನ್ನು ಮುಂದೆ ಎಲ್ಲೆಡೆ ಅಕ್ಷರ ಬದಲಿಸದೆ ಉಳಿಸಿಕೊಳ್ಳಬೇಕು.

ಕ್ರೈಸ್ತ ಸಭೆ ಏನು ಹೇಳುತ್ತದೆ?

1983ರಲ್ಲಿ ಜಾರಿಗೆ ಬಂದ ಕ್ರೈಸ್ತ ಸಭೆಯ ಕಾನೂನು ಸಂಹಿತೆಯ 855ನೇ ವಿಧಿಯು ಹೆಸರಿನ ಬಗ್ಗೆ ಚಿಕ್ಕದಾಗಿ ಹೇಳುತ್ತದೆ. ಕ್ರೈಸ್ತ ಮನೋಭಾವಕ್ಕೆ ಹೊರತಾದ ಹೆಸರನ್ನು ಇಡದಂತೆ ಹೆತ್ತವರು, ಜ್ಞಾನತಂದೆ ಜ್ಞಾನತಾಯಂದಿರು ಹಾಗೂ ಧರ್ಮಕೇಂದ್ರದ ಗುರುಗಳು ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಹಿಂದಿನ 1917ರ ಸಂಹಿತೆ ಇನ್ನೂ ಬಿಗಿಯಾಗಿತ್ತು. ಹೆತ್ತವರು ಕ್ರೈಸ್ತ ಹೆಸರನ್ನು ಒಪ್ಪದಿದ್ದರೆ ಗುರುಗಳು ಸಂತರೊಬ್ಬರ ಹೆಸರನ್ನು ಸೇರಿಸಿ ಎರಡನ್ನೂ ನೋಂದಣಿ ಪುಸ್ತಕದಲ್ಲಿ ಬರೆಯಬೇಕೆಂದು ಅದರಲ್ಲಿತ್ತು. ಮನೆಯ ಹೆಸರೊಂದು, ಚರ್ಚ್ ಪುಸ್ತಕದ ಹೆಸರೊಂದು ಎಂಬಂತೆ ಕೆಲವು ಹಿರಿಯರಿಗೆ ಎರಡು ಹೆಸರುಗಳಿರುವುದು ನಮಗೆ ಗೊತ್ತೇ ಇದೆ.

ಈಗಿನ ನಿಯಮದಂತೆ ಸಂತರ ಹೆಸರೇ ಆಗಬೇಕೆಂಬ ಕಡ್ಡಾಯವಿಲ್ಲ. ಭಾರತೀಯ ಭಾಷೆಗಳ ಒಳ್ಳೆಯ ಹೆಸರುಗಳಿಗೆ ಅಡ್ಡಿಯಿಲ್ಲ. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ಅವರನ್ನು ನೆನಪಿಸಿಕೊಳ್ಳಬಹುದು. 1745ರಲ್ಲಿ ದೀಕ್ಷಾಸ್ನಾನ ಪಡೆದಾಗ ಅವರಿಗೆ ದೊರೆತದ್ದು ಲಾಜರ ಎಂಬ ಹೆಸರು. ಲಾಜರ ಎಂದರೆ ದೇವರ ಸಹಾಯ ಪಡೆದವನು. ಅದನ್ನು ತಮಿಳರ ಬಾಯಿಗೂ ಮನಸ್ಸಿಗೂ ಹತ್ತಿರವಾಗುವಂತೆ 'ದೇವಸಹಾಯಂ' ಎಂದು ಕರೆಯಲಾಯಿತು. ಹೊರಗಿನ ಭಾಷೆಯ ಶಬ್ದವನ್ನು ಕಷ್ಟಪಟ್ಟು ಉಚ್ಚರಿಸುವ ಬದಲು ಅದರ ಅರ್ಥವನ್ನೇ ನಮ್ಮ ಭಾಷೆಗೆ ತರಬಹುದೆಂಬುದಕ್ಕೆ ಇದು ಸುಂದರ ನಿದರ್ಶನ.

"ಗುರುಗಳು ಮಗುವಿನ ಹೆಸರನ್ನು ತಪ್ಪಾಗಿ ಉಚ್ಚರಿಸಿದರೆ ದೀಕ್ಷಾಸ್ನಾನಕ್ಕೆ ಕುಂದು ಬರುತ್ತದೆಯೇ?" ಎಂದು ಕೆಲವರು ಆತಂಕದಿಂದ ಕೇಳುತ್ತಾರೆ. ಬರುವುದಿಲ್ಲ. ನೀರು ಮತ್ತು ತ್ರಿಯೇಕ ದೇವರ ನಾಮದ ಉಚ್ಚಾರಣೆ ಸಂಸ್ಕಾರಕ್ಕೆ ಅಗತ್ಯವಾದವು. ಮಗುವಿನ ಹೆಸರಿನ ಸ್ವರ ಹ್ರಸ್ವವೋ ದೀರ್ಘವೋ ಎಂಬುದರಿಂದ ಸಂಸ್ಕಾರ ಅಸಿಂಧುವಾಗುವುದಿಲ್ಲ. ಆದರೂ ವಿಧಿಯ ಆರಂಭದಲ್ಲೇ ಗುರುಗಳು ಹೆತ್ತವರನ್ನು ಕೇಳುವ ಮೊದಲ ಪ್ರಶ್ನೆ ಮಗುವಿಗೆ ಯಾವ ಹೆಸರು ಎಂಬುದೇ. ಆ ಪ್ರಶ್ನೆಗೆ ಕ್ರೈಸ್ತ ಸಮುದಾಯದ ಮುಂದೆ ತಾಯಿ ಒಂದು, ತಂದೆ ಇನ್ನೊಂದು ಹೇಳುವುದು ಶೋಭೆಯಲ್ಲ.

ಇಂಗ್ಲಿಷ್ ಅಕ್ಷರ ಹಿಡಿಯದ್ದನ್ನು ಕನ್ನಡ ಹಿಡಿಯುತ್ತದೆ

ಗೊಂದಲದ ದೊಡ್ಡ ಕಾರಣ ಇಂಗ್ಲಿಷ್ ಬರವಣಿಗೆ. ಅದರಲ್ಲಿ ಒಂದು ಅಕ್ಷರಕ್ಕೆ ಒಂದೇ ಧ್ವನಿ ಎಂಬ ನಿಯಮವಿಲ್ಲ. ಎಸ್, ಇ, ಎ, ಎನ್ ಎಂದು ಬರೆದ ಐರಿಷ್ ಹೆಸರನ್ನು ತಿಳಿದವರು 'ಶಾನ್' ಎನ್ನುತ್ತಾರೆ, ತಿಳಿಯದ ಗುಮಾಸ್ತರು 'ಸೀನ್' ಎಂದು ಕರೆಯುತ್ತಾರೆ. ಎರಡು ಎ ಬರೆದು ಆರಂಭವಾಗುವ ಮೋಶೆಯ ಅಣ್ಣನ ಹೆಸರನ್ನು ಇಂಗ್ಲಿಷ್ ಶಾಲೆಯಲ್ಲಿ 'ಏರನ್' ಎಂದರೆ, ಕನ್ನಡ ಬೈಬಲ್ ಓದುವ ಅಜ್ಜಿ 'ಆರೋನ' ಎನ್ನುತ್ತಾರೆ. ಡಯಾನಾ ಅಥವಾ ಡಿಯಾನಾ, ಆಂಡ್ರಿಯಾ ಅಥವಾ ಆಂಡ್ರೇಯಾ, ಅಲೀಶಾ ಅಥವಾ ಅಲಿಸಿಯಾ, ಲೀಸಾ ಅಥವಾ ಲೈಸಾ ಎಂಬ ಜೋಡಿಗಳು ನಮ್ಮ ತರಗತಿಗಳಲ್ಲಿ ಸಾಮಾನ್ಯ.

ತ ಮತ್ತು ಟ ಅಕ್ಷರಗಳ ತೊಂದರೆ ಇನ್ನೊಂದು. ರೀತಾ ಮತ್ತು ರೀಟಾ, ಅನಿತಾ ಮತ್ತು ಅನೀಟಾ ಇಂಗ್ಲಿಷಿನಲ್ಲಿ ಒಂದೇ ರೀತಿ ಕಾಣುತ್ತವೆ. ಅದಕ್ಕಾಗಿ ನಮ್ಮ ಕಡೆಯವರು ತ ಧ್ವನಿಗೆ ಟಿ ಜೊತೆ ಎಚ್ ಸೇರಿಸುತ್ತಾರೆ. ಉತ್ತರ ಭಾರತದಲ್ಲಿ ಅದನ್ನೇ ಥ ಎಂದು ಓದುತ್ತಾರೆ. ಕುಲನಾಮಗಳಲ್ಲೂ ಇದೇ ಕಥೆ. ನಾವು 'ಸಿಕ್ವೇರಾ' ಎನ್ನುವ ಹೆಸರನ್ನು ಪೋರ್ಚುಗೀಸರು ವ ಧ್ವನಿಯಿಲ್ಲದೆ ಹೇಳುತ್ತಾರೆ. ನಮ್ಮ 'ಕುವೆಲ್ಲೊ' ಮನೆತನದವರನ್ನು ಹೊರಗಿನವರು ಅಕ್ಷರ ಬಿಡಿಸಿ 'ಕೋಯೆಲ್ಹೋ' ಎನ್ನುವುದನ್ನು ನೀವು ಕೇಳಿರಬಹುದು.

ಇಲ್ಲಿ ಕನ್ನಡ ಲಿಪಿ ನಮ್ಮ ನೆರವಿಗೆ ಬರುತ್ತದೆ. 'ಇವಾನ್' ಎಂದು ಬರೆದರೆ ಅದನ್ನು ಯಾರೂ ಐವನ್ ಎಂದು ಓದಲಾರರು. ಕನ್ನಡದಲ್ಲಿ ಬರೆದ ಕೂಡಲೇ ಉಚ್ಚಾರಣೆ ನಿರ್ಧಾರವಾಗುತ್ತದೆ. ಹೆಸರು ಇಂಗ್ಲಿಷಿನದೇ ಆಗಲಿ, ಅರ್ಜಿಯಲ್ಲಿ ಅದರ ಕನ್ನಡ ರೂಪವನ್ನು ಹೆತ್ತವರೇ ತಮ್ಮ ಕೈಯಾರೆ ಬರೆಯುವುದು ಎಲ್ಲಕ್ಕಿಂತ ಸರಳ ಪರಿಹಾರ. ಕನ್ನಡಕ್ಕೂ ಒಂದೆರಡು ಮಿತಿಗಳಿವೆ. ಇಂಗ್ಲಿಷಿನ ಝಡ್ ಧ್ವನಿಗೆ ನಮ್ಮಲ್ಲಿ ಪ್ರತ್ಯೇಕ ಅಕ್ಷರವಿಲ್ಲ, ಕೆಲವರು ಜ ಬರೆಯುತ್ತಾರೆ, ಕೆಲವರು ಝ ಬರೆಯುತ್ತಾರೆ. ಯಾವುದನ್ನು ಬರೆದರೂ ಸರಿ, ಜನನ ಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಆಗಬಾರದು.

ಗಲ್ಫ್ ರಾಷ್ಟ್ರಗಳಲ್ಲಿ ಮಗುವಿನ ಹೆಸರು ಅರಬಿ ಲಿಪಿಗೂ ಹೋಗುತ್ತದೆ. ಅರಬಿಯಲ್ಲಿ ಪ ಮತ್ತು ಇಂಗ್ಲಿಷಿನ ವಿ ಧ್ವನಿಗಳಿಗೆ ಮೂಲ ಅಕ್ಷರಗಳಿಲ್ಲ. ಪ ಇದ್ದಲ್ಲಿ ಬ, ವಿ ಇದ್ದಲ್ಲಿ ಫ ಬರೆಯುತ್ತಾರೆ. ಆದ್ದರಿಂದ ಅಲ್ಲಿನ ಗುರುತಿನ ಚೀಟಿಯಲ್ಲಿ ಇವಾನ್ 'ಈಫಾನ್' ಆಗುತ್ತಾನೆ. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ, ಆ ಲಿಪಿಯಲ್ಲಿ ಅದೇ ಕ್ರಮ. ಇಂಗ್ಲಿಷ್ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇವೆಯೇ ಎಂಬುದನ್ನು ಮಾತ್ರ ಕಣ್ಣಿಟ್ಟು ನೋಡಬೇಕು.

ದಾಖಲೆಗಳಲ್ಲಿ ಅಕ್ಷರ ಒಂದೇ ಇರಲಿ

ಉಚ್ಚಾರಣೆ ಬೇರೆಯಾದರೆ ಸಂಕಟ ಹೆಚ್ಚೇನಿಲ್ಲ. ಆದರೆ ಕಿವಿಗೆ ಬಿದ್ದ ಉಚ್ಚಾರಣೆಯಂತೆ ಒಬ್ಬೊಬ್ಬರು ಒಂದೊಂದು ರೀತಿ ಬರೆದಾಗ ಕಷ್ಟ ಆರಂಭವಾಗುತ್ತದೆ. ಆಸ್ಪತ್ರೆಯಲ್ಲಿ ಒಂದು, ಚರ್ಚ್‌ನಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು ಎಂದಾದರೆ ಮಗು ದೊಡ್ಡದಾಗಿ ಪಾಸ್‌ಪೋರ್ಟ್, ವಿದೇಶದ ಉದ್ಯೋಗ ಅಥವಾ ಮದುವೆ ಎಂದು ಹೊರಟಾಗ ಪ್ರಮಾಣಪತ್ರಗಳ ನಡುವೆ ತಾಳೆಯಾಗುವುದಿಲ್ಲ. ಆಗ ಅಫಿದವಿತ್ತು, ಪತ್ರಿಕಾ ಪ್ರಕಟಣೆ, ಕಚೇರಿಗಳ ಅಲೆದಾಟ ಎಲ್ಲವೂ ಆ ಮಗುವಿನ ತಲೆಗೇ ಬರುತ್ತದೆ.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರು ಆ ಹೊತ್ತಿಗೆ ನಿರ್ಧಾರವಾಗದಿದ್ದರೂ ಚಿಂತೆಯಿಲ್ಲ. ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅನಂತರವೂ 15 ವರ್ಷಗಳವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಆಸ್ಪತ್ರೆಯ ನಮೂನೆ ಮುಂದಿಟ್ಟರೆಂದು ಅವಸರದಲ್ಲಿ ಏನೋ ಒಂದನ್ನು ಬರೆದು, ದೀಕ್ಷಾಸ್ನಾನದ ಹೊತ್ತಿಗೆ ಬೇರೆ ಅಕ್ಷರ ಬರೆಯುವುದಕ್ಕಿಂತ ಕೆಲವು ವಾರ ಕಾಯುವುದು ಒಳಿತು.

ಈ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಆ ದಿನ ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ಉದ್ಯೋಗ ಮುಂತಾದವುಗಳಲ್ಲಿ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಅದರಲ್ಲಿರುವ ಅಕ್ಷರಗಳಿಗೆ ಹಿಂದೆಂದಿಗಿಂತ ಹೆಚ್ಚಿನ ಬೆಲೆ ಬಂದಿದೆ. ಆಧಾರ್ ಮಾಡಿಸುವಾಗ ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿದ ಕೂಡಲೇ ಕಂಪ್ಯೂಟರ್ ತಾನಾಗಿಯೇ ಕನ್ನಡ ರೂಪವನ್ನು ತೋರಿಸುತ್ತದೆ. ಅದು ಊಹೆ ಮಾತ್ರ. ಇವಾನ್ ಎಂಬುದು ಐವನ್ ಆಗಿಯೋ 'ಇವನ್' ಆಗಿಯೋ ಮೂಡಬಹುದು. ಪರದೆಯ ಮೇಲೆ ನೋಡಿ ಅಲ್ಲೇ ಸರಿಪಡಿಸಿಕೊಳ್ಳಬೇಕು, ಏಕೆಂದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಬಾರಿ ಅವಕಾಶವಿದೆ.

ಚರ್ಚ್‌ನ ದೀಕ್ಷಾಸ್ನಾನ ನೋಂದಣಿ ಪುಸ್ತಕ ಇಷ್ಟೇ ಮುಖ್ಯವಾದದ್ದು. ಸಂಹಿತೆಯ 877ನೇ ವಿಧಿಯಂತೆ ಮಗುವಿನ ಹೆಸರು, ಹೆತ್ತವರು, ಜ್ಞಾನತಂದೆ ಜ್ಞಾನತಾಯಿ, ಸಂಸ್ಕಾರ ನೀಡಿದವರು, ಹುಟ್ಟಿದ ದಿನಾಂಕ ಮತ್ತು ಸ್ಥಳ, ದೀಕ್ಷಾಸ್ನಾನದ ದಿನಾಂಕ ಮತ್ತು ಸ್ಥಳ ಅಲ್ಲಿ ದಾಖಲಾಗುತ್ತವೆ. ಮುಂದೆ ದೃಢೀಕರಣ, ವಿವಾಹ, ಗುರುದೀಕ್ಷೆ ಮುಂತಾದವುಗಳ ಟಿಪ್ಪಣಿಯೂ ಅದೇ ಪುಟಕ್ಕೆ ಬಂದು ಸೇರುತ್ತದೆ. ಮೂವತ್ತು ವರ್ಷಗಳ ಬಳಿಕ ಆ ಮಗು ಬೇರೆ ಊರಿನಲ್ಲಿ ಮದುವೆಯಾಗುವಾಗ ಈ ಪುಸ್ತಕದಿಂದಲೇ ಪ್ರಮಾಣಪತ್ರ ಹೋಗಬೇಕು. ಪುಸ್ತಕದಲ್ಲಿ ಬರೆದದ್ದನ್ನು ಕೇಳಿದವರಿಗೆಲ್ಲ ತಿದ್ದಿ ಕೊಡಲು ಸಾಧ್ಯವಿಲ್ಲ. ದಾಖಲೆ ಸಹಿತ ಅರ್ಜಿ ಸಲ್ಲಿಸಿ ಗುರುಗಳ ಮಾರ್ಗದರ್ಶನದಲ್ಲಿ ನಡೆಯಬೇಕಾಗುತ್ತದೆ. ಹಾಗಾಗಿ ಜನನ ಪ್ರಮಾಣಪತ್ರ ಮೊದಲೇ ಸಿದ್ಧವಿದ್ದರೆ ಅದರ ಪ್ರತಿಯನ್ನು ಚರ್ಚ್ ಕಚೇರಿಗೆ ತನ್ನಿ. ಇಲ್ಲದಿದ್ದರೆ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಮುಂದಿಟ್ಟುಕೊಂಡು ಅದೇ ಅಕ್ಷರಗಳನ್ನು ಜನನ ದಾಖಲೆಗೆ ಸೇರಿಸಿ.

ಹೆತ್ತವರು ಮಾಡಿ ನೋಡಬಹುದಾದ ಪರೀಕ್ಷೆ

ಹೆಸರು ಖಚಿತಪಡಿಸುವ ಮುನ್ನ ಈ ಕೆಲವು ಚಿಕ್ಕ ಪರೀಕ್ಷೆಗಳನ್ನು ಮಾಡಿ ನೋಡಬಹುದು.

1. ಇಂಗ್ಲಿಷಿನಲ್ಲಿ ಹೆಸರು ಬರೆದು, ಅದನ್ನು ಕೇಳಿರದ ಮೂವರ ಕೈಗೆ ಕೊಟ್ಟು ಓದಲು ಹೇಳಿ. ಮೂವರೂ ಮೂರು ರೀತಿ ಓದಿದರೆ, ಮಗು ಜೀವನವಿಡೀ ತನ್ನ ಹೆಸರನ್ನು ವಿವರಿಸುತ್ತಿರಬೇಕಾಗುತ್ತದೆ ಎಂದು ತಿಳಿಯಿರಿ. ಅದಕ್ಕೆ ನೀವು ಸಿದ್ಧರಿದ್ದರೆ ಮುಂದುವರಿಯಿರಿ.

2. ಫೋನಿನಲ್ಲಿ ಒಮ್ಮೆ ಮಾತ್ರ ಹೆಸರು ಹೇಳಿ, ಆ ಕಡೆಯವರು ಹೇಗೆ ಬರೆದುಕೊಂಡರು ಎಂದು ಕೇಳಿ.

3. ಮನೆಯ ಹಿರಿಯರು ಆ ಹೆಸರನ್ನು ಅಂಗಳದ ತುದಿಯಿಂದ ಕೂಗಿ ಕರೆಯಲಿ. ಅವರ ನಾಲಗೆ ಅದನ್ನು ಹೇಗೆ ತಿರುಗಿಸುತ್ತದೆ ಎಂದು ಕೇಳಿ, ಆ ರೂಪ ನಿಮಗೆ ಒಪ್ಪಿಗೆಯೇ ಎಂದು ಯೋಚಿಸಿ. ಅಜ್ಜ ಅಜ್ಜಿಯರ ಬಾಯಲ್ಲಿ ಬರುವ ರೂಪವೇ ಮನೆಯಲ್ಲಿ ಹೆಚ್ಚು ಬಳಕೆಯಾಗುತ್ತದೆ.

4. ಹೆಸರಿನ ಅರ್ಥವನ್ನೂ ಅದು ಯಾವ ಸಂತರ ಹೆಸರು ಎಂಬುದನ್ನೂ ತಿಳಿದುಕೊಳ್ಳಿ. ಧರ್ಮಗುರುಗಳನ್ನು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಹೊಸತೆಂದು ಆರಿಸಿದ್ದು ನಿಮ್ಮ ಮನೆಯ ಹಳೆಯ ಹೆಸರೇ ಆಗಿರಬಹುದು.

5. ಹೊಸತನಕ್ಕಾಗಿ ಅಕ್ಷರಗಳನ್ನು ವಿನಾಕಾರಣ ಹೆಚ್ಚಿಸಬೇಡಿ. ಒಂದು ಎನ್ ಸಾಕಾಗುವಲ್ಲಿ ಎರಡು, ಐ ಇರುವಲ್ಲಿ ವೈ ಎಂದು ಬರೆದರೆ ಉಚ್ಚಾರಣೆ ಬದಲಾಗುವುದಿಲ್ಲ, ದಾಖಲೆಯಲ್ಲಿ ತಪ್ಪುವ ಸಾಧ್ಯತೆ ಮಾತ್ರ ಹೆಚ್ಚುತ್ತದೆ.

6. ಒಪ್ಪಿದ ಮೇಲೆ ಒಂದು ಕಾಗದದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸ್ಪಷ್ಟವಾಗಿ ಬರೆದು, ಅದರ ಚಿತ್ರವನ್ನು ಗಂಡ ಹೆಂಡತಿ ಇಬ್ಬರೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವುದೇ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳದೆ ಅದನ್ನೇ ತೋರಿಸಿ.

ಚರ್ಚ್ ಸೇವೆಯಲ್ಲಿರುವವರಿಗೆ ಒಂದು ಮಾತು

ಕಚೇರಿಯಲ್ಲಿ ಅರ್ಜಿ ಸ್ವೀಕರಿಸುವವರು, ಕ್ರೈಸ್ತ ಶಿಕ್ಷಣದ ಶಿಕ್ಷಕರು, ವಾಳೆಯ ಗುರಿಕಾರರು, ಬಲಿಪೂಜೆಯಲ್ಲಿ ಪ್ರಕಟಣೆ ಓದುವವರು ಎಲ್ಲರಿಗೂ ಇದರಲ್ಲಿ ಪಾತ್ರವಿದೆ. ಅರ್ಜಿ ಪಡೆಯುವಾಗ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ ಹೆತ್ತವರಿಂದ ಸರಿಯೆನಿಸಿಕೊಳ್ಳಬೇಕು. ಕನ್ನಡ ರೂಪವನ್ನು ಪಕ್ಕದಲ್ಲಿ ಬರೆದಿಟ್ಟರೆ ದೀಕ್ಷಾಸ್ನಾನದ ದಿನ ಬೇರೆ ಊರಿನ ಗುರುಗಳು ಬಂದರೂ ತೊಡಕಾಗದು. ಮದುವೆಯ ಪ್ರಕಟಣೆ ಅಥವಾ ಮೃತರಿಗಾಗಿ ಪ್ರಾರ್ಥನೆ ಓದುವ ಮುನ್ನ ಮನೆಯವರನ್ನು ಕೇಳಿ ಹೆಸರನ್ನು ತಿಳಿದುಕೊಳ್ಳುವುದು ಎರಡು ನಿಮಿಷದ ಕೆಲಸ. ದುಃಖದಲ್ಲಿರುವ ಕುಟುಂಬಕ್ಕೆ ತಮ್ಮವರ ಹೆಸರು ಪೀಠದ ಮುಂದೆ ಸರಿಯಾಗಿ ಕೇಳಿಬರುವುದು ಸಣ್ಣ ಸಮಾಧಾನವಲ್ಲ.

ಅದಕ್ಕಿಂತಲೂ ಮುಖ್ಯವಾದುದು ಹೆಸರನ್ನು ನಗೆಪಾಟಲು ಮಾಡದಿರುವುದು. ನ್ಯಾಯಸ್ಥಾಪಕರ ಗ್ರಂಥದ 12ನೇ ಅಧ್ಯಾಯದಲ್ಲಿ ಯೊರ್ದಾನ್ ನದಿಯ ಹಾಯಗಡಗಳ ಬಳಿ ನಡೆದ ಒಂದು ಘೋರ ಪ್ರಸಂಗವಿದೆ. ಗಿಲ್ಯಾದಿನವರು ದಾಟಲು ಬಂದವರಿಂದ 'ಷಿಬ್ಬೋಲೆತ್' ಎಂಬ ಶಬ್ದ ಹೇಳಿಸುತ್ತಿದ್ದರು. ಎಫ್ರಯಿಮಿನವರ ನಾಲಗೆಗೆ ಷ ಬಾರದೆ 'ಸಿಬ್ಬೋಲೆತ್' ಎಂದರೆ ಅವರನ್ನು ಹಿಡಿದು ಕೊಲ್ಲುತ್ತಿದ್ದರು. ಹೀಗೆ 42,000 ಮಂದಿ ಸತ್ತರೆಂದು ಗ್ರಂಥ ಹೇಳುತ್ತದೆ. ಸ, ಶ, ಷ ಎಂಬ ವ್ಯತ್ಯಾಸಕ್ಕೆ ಮನುಷ್ಯರು ಮನುಷ್ಯರನ್ನು ಬೇರೆ ಮಾಡಿದ ಕಥೆಯಿದು. ತರಗತಿಯಲ್ಲಿ ಹಳ್ಳಿಯ ಮಗುವಿನ ಹೆಸರು ಹೇಳಿ ನಗುವಾಗ, ಅಜ್ಜಿಯ ಬಾಯಲ್ಲಿ ಮೊಮ್ಮಗಳ ಇಂಗ್ಲಿಷ್ ಹೆಸರು ತಿರುಚಿತೆಂದು ಹಂಗಿಸುವಾಗ ಆ ಹಾಯಗಡ ನಮ್ಮ ನೆನಪಿಗೆ ಬರಲಿ. ಮಕ್ಕಳಿಗೂ ಒಂದು ಮಾತು ಕಲಿಸಬಹುದು: ಯಾರಾದರೂ ತಪ್ಪಾಗಿ ಕರೆದರೆ ಸಿಟ್ಟಾಗದೆ, ನಾಚದೆ "ನನ್ನ ಹೆಸರು ಹೀಗೆ" ಎಂದು ಒಮ್ಮೆ ಹೇಳುವುದು.

ಆ ಮನೆಯವರು ಏನು ಮಾಡಿದರು?

ಅಂದು ಕಚೇರಿಯಲ್ಲಿ ಇವಾನ್ ಎಂದರೆ ಜುವಾಂವ್ ಎಂದೇ ಅರ್ಥ ಎಂದು ತಿಳಿಸಿದಾಗ ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಇವನ ಹಬ್ಬ ಜೂನ್ 24ಕ್ಕೆ ಅಲ್ಲವೇ?" ಸ್ನಾನಿಕ ಯೊವಾನ್ನರ ಜನ್ಮದಿನದ ಹಬ್ಬ ಅದು. ಹೌದು ಎಂದೆ. ಅವರ ಅಪ್ಪ ಇದ್ದಾಗ ಮಳೆಗಾಲದ ಆ ದಿನ ಮನೆಯಲ್ಲಿ ಪಾಯಸ ಮಾಡುತ್ತಿದ್ದರಂತೆ.

ಸೊಸೆ ಮಾವನ ಮುಖ ನೋಡಿದಳು. "ಮಾವ, ನೀವು ಮನೆಯಲ್ಲಿ ಜುವಾಂವ್ ಎಂದೇ ಕರೆಯಿರಿ" ಎಂದಳು. ಗಂಡನೂ ಹೆಂಡತಿಯೂ ಒಂದು ಉಚ್ಚಾರಣೆಗೆ ಒಪ್ಪಿದರು. ಅರ್ಜಿಯಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರಗಳ ಕೆಳಗೆ ಮಗುವಿನ ತಂದೆ ತನ್ನ ಕೈಯಾರೆ ಕನ್ನಡದಲ್ಲಿ 'ಇವಾನ್' ಎಂದು ಬರೆದು ಸಹಿ ಹಾಕಿದರು. ಮುಂದಿನ ಭಾನುವಾರ ಚರ್ಚ್ ಬಾಗಿಲಲ್ಲಿ ಗುರುಗಳು ಕೇಳಿದಾಗ ತಾಯಿ ತಂದೆ ಇಬ್ಬರ ಬಾಯಿಂದಲೂ ಒಂದೇ ಉತ್ತರ ಬಂತು.

ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ ಎಂದು ಸಂತ ಯೊವಾನ್ನನ ಶುಭಸಂದೇಶ ನಮಗೆ ಕಲಿಸುತ್ತದೆ. ಜುವಾಂವ್ ಎಂದರೂ ಇವಾನ್ ಎಂದರೂ ಆತನಿಗೆ ತನ್ನ ಕುರಿಯ ಗುರುತು ತಪ್ಪುವುದಿಲ್ಲ. ನಮಗೆ ಕಾಗದಪತ್ರಗಳ ಅಗತ್ಯವಿರುವುದರಿಂದ ನಾವು ಅಕ್ಷರಗಳಲ್ಲಿ ಜಾಗ್ರತೆಯಿಂದಿರೋಣ, ಕರೆಯುವ ನಾಲಗೆಗಳ ಬಗ್ಗೆ ತಾಳ್ಮೆಯಿಂದಿರೋಣ. ಈ ವರ್ಷ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವ ಎಲ್ಲ ಕಂದಮ್ಮಗಳಿಗೂ ಅವರ ಹೆತ್ತವರಿಗೂ ಪ್ರಭುವಿನ ಆಶೀರ್ವಾದವಿರಲಿ.